ನೀರಿಗಿಳಿದ ಶೆಟ್ಟಮ್ಮ

ಜನಕಪುರಿ, ನವದೆಹಲಿ
೩೧ ಆಗಸ್ಟ್ ೨೦೨೫, ಭಾನುವಾರ

ಸೌಭಾಗ್ಯವತಿ ಇಂದಿರೆಗೆ,

ನಿನ್ನ ಮಂಡಿನೋವು ಹೇಗಿದೆ? ಮೈಸೂರಿನ ಹವೆ ನಿನಗೆ ಒಗ್ಗಿದೆಯೆಂದು ಫೋನಿನಲ್ಲಿ ನಿನ್ನ ಧ್ವನಿ ಕೇಳಿದಾಗಲೇ ತಿಳಿಯಿತು. ನಿಮ್ಮಕ್ಕ ರತ್ನಾ ಅವರ ಸೊಂಟದ ಮೂಳೆ ಕೂಡಿಕೊಂಡಿತೆಂಬ ಸಮಾಚಾರದಿಂದ ಸಮಾಧಾನವಾಯಿತು. ಫೋನಿನಲ್ಲಿ ನಾನು ಮಾತು ಆರಂಭಿಸುವಷ್ಟರಲ್ಲಿ ಮೊಮ್ಮಗಳು ಅದನ್ನು ಕಸಿದುಕೊಳ್ಳುತ್ತಾಳೆ. ಆದ್ದರಿಂದ ಈ ಕಾಗದ. ನನ್ನ ಆರೋಗ್ಯ ಸಾಧಾರಣ. ಹಗಲೆಲ್ಲ ಏನೂ ಮಾಡದೆ ದಣಿಯುವ ವಿದ್ಯೆಯನ್ನು ಈ ವಯಸ್ಸಿನಲ್ಲಿ ಕಲಿತಿದ್ದೇನೆ.

ನೀನು ಹೋದಂದಿನಿಂದ ಧಾರಿಣಿ ಸಂಜೆಗಳಲ್ಲಿ ಮಾತಿಲ್ಲದೆ ಕೂರುತ್ತಿದ್ದಳು. ಸೊಸೆ ಹಂಸಿನಿ ಗುರುಗ್ರಾಮದ ಕಚೇರಿಯಿಂದ ಮನೆ ಸೇರುವ ವೇಳೆಗೆ ಮಗು ನಿದ್ದೆಗೆ ಜಾರಿರುತ್ತದೆ. ಆಕೆಯೇ ಯೋಚಿಸಿ ಒಂದು ಗಾಜಿನ ಮೀನುತೊಟ್ಟಿಯನ್ನು ತರಿಸಿದಳು. ನಾನದನ್ನು ಮತ್ಸ್ಯಾಗಾರವೆಂದು ಕರೆದೆ; ಮನೆಯಲ್ಲಿ ಯಾರೂ ಅನುಸರಿಸಲಿಲ್ಲ. ಒಳಗಿನ ಅಲಂಕಾರದ ಸಾಮಗ್ರಿಯನ್ನು ಆರಿಸುವ ಹೊಣೆ ಮಾತ್ರ ಅಜ್ಜನ ಪಾಲಿಗೆ ಬಂತು.

ಮಾರುಕಟ್ಟೆಯ ಅಂಗಡಿಯಲ್ಲಿ ನಾನು ಕಂಡದ್ದನ್ನು ಏನೆಂದು ವರ್ಣಿಸಲಿ! ಬಾಯಿಂದ ಗುಳ್ಳೆ ಬಿಡುವ ತಲೆಬುರುಡೆ, ತಾನಾಗಿ ತೆರೆದು ಮುಚ್ಚುವ ನಿಧಿಪೆಟ್ಟಿಗೆ, ಮುರಿದ ಹಡಗು, ಯಾವ ಸಸ್ಯಶಾಸ್ತ್ರಕ್ಕೂ ಸೇರದ ನೇರಳೆ ಪ್ಲಾಸ್ಟಿಕ್ ಗಿಡಗಳು. ಮೀನುಗಳು ಸ್ಮಶಾನದಲ್ಲಿ ಏಕೆ ವಾಸಿಸಬೇಕೆಂದು ಕೇಳಿದೆ. ಅಂಗಡಿಯ ಭಯ್ಯಾ ನಕ್ಕು, ಮಕ್ಕಳಿಗೆ ಇದೇ ಇಷ್ಟ ಎಂದ. ಧಾರಿಣಿಗೆ ಇಷ್ಟವಾಗಲಿಲ್ಲ. ಮೀನುಗಳ ಜೊತೆಗೆ ಫಿಲ್ಟರು, ದೀಪ ಮತ್ತು ಬಿಳಿಯ ಉರುಟುಕಲ್ಲುಗಳನ್ನಷ್ಟೇ ತಂದೆವು.

ಆ ಕಲ್ಲುಗಳಿಂದ ಅವಳು ತೊಟ್ಟಿಯೊಳಗೆ ಏನು ಕಟ್ಟಿದಳು ಗೊತ್ತೆ? ಮೂರು ಮೆಟ್ಟಿಲು. ಬೊಂಬೆ ಕೂರಿಸುವಾಗ ಮೆಟ್ಟಿಲುಗಳು ಬೆಸಸಂಖ್ಯೆಯಲ್ಲಿಯೇ ಇರಬೇಕೆಂದು ನೀನು ಹೇಳಿಕೊಟ್ಟದ್ದು ಅವಳಿಗೆ ನೆನಪಿದೆ. ಈ ಸಲ ನವರಾತ್ರಿಯಲ್ಲಿ ಅಜ್ಜಿ ಇಲ್ಲದಿದ್ದರೆ ಮೀನುಗಳಾದರೂ ಬೊಂಬೆಹಬ್ಬ ಮಾಡಲಿ ಎಂಬುದು ಅವಳ ವಾದ. ಅಟ್ಟದಿಂದ ನಿನ್ನ ಬೊಂಬೆಪೆಟ್ಟಿಗೆಯನ್ನು ಇಳಿಸಿದೆ. ಪಟ್ಟದ ರಾಜರಾಣಿಯರನ್ನು ನೀರಿಗಿಳಿಸಲು ನಾನು ಒಪ್ಪಲಿಲ್ಲ. ಅವರು ನಿನ್ನ ತವರಿನಿಂದ ಧಾರೆಯ ದಿನ ಬಂದವರು. ಆಗ ಅವಳು ಶೆಟ್ಟಿದಂಪತಿಗಳನ್ನು ಎತ್ತಿಕೊಂಡು, "ಶೆಟ್ಟರು ದುಕಾನ್ ನೋಡ್ಕೋತಾರೆ ಅಜ್ಜ, ಶೆಟ್ಟಮ್ಮ ಥೋಡಾ ಘೂಮ್ಕೆ ಬರ್ಲಿ" ಎಂದಳು. ಶೆಟ್ಟಮ್ಮ ಸ್ವಲ್ಪ ಸುತ್ತಾಡಿ ಬರಬೇಕಂತೆ! ನಾನು ಬೊಂಬೆಯನ್ನು ಬೆರಳಿಂದ ತಟ್ಟಿ, ಶಬ್ದವನ್ನು ಪರೀಕ್ಷಿಸಿ, ಇದು ಸುಟ್ಟ ಮಣ್ಣು, ಚಿಂತೆಯಿಲ್ಲ ಎಂದು ತೀರ್ಪಿತ್ತೆ. ಮೂವತ್ತಾರು ವರ್ಷ ಮೇಷ್ಟರಾಗಿದ್ದವನ ತೀರ್ಪನ್ನು ಪ್ರಶ್ನಿಸುವವರು ಮನೆಯಲ್ಲಿರಲಿಲ್ಲ. ನೀನಿದ್ದಿದ್ದರೆ ಪ್ರಶ್ನಿಸುತ್ತಿದ್ದೆ.

ರಾತ್ರಿ ನೀರಿಗಿಳಿದ ಶೆಟ್ಟಮ್ಮ ಬೆಳಗಾಗುವಾಗ ಇರಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಒಂದು ಹಿಡಿ ಕೆಸರು, ನೀರೆಲ್ಲ ಅವಳ ಸೀರೆಯ ಕುಂಕುಮಬಣ್ಣ. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ಅವುಗಳನ್ನು ಬಕೆಟ್ಟಿಗೆ ಸಾಗಿಸಿ, ತೊಟ್ಟಿಯನ್ನು ತೊಳೆದು, ಉಪಾಯ ಕೇಳಲು ಅಂಗಡಿಗೆ ಹೋದರೆ, "ಮಾಸ್ಟರ್‌ಜೀ, ವಿಸರ್ಜನ್ ಕೋಯೀ ಫಿಶ್ ಟ್ಯಾಂಕ್ ಮೇ ಕರ್ತಾ ಹೈ ಕ್ಯಾ?" ಎಂದ ಆ ಭಯ್ಯಾ. ಮೀನುತೊಟ್ಟಿಯಲ್ಲಿ ಯಾರಾದರೂ ವಿಸರ್ಜನೆ ಮಾಡುತ್ತಾರೆಯೆ ಎಂದು! ಚೌತಿಯ ವಾರವಲ್ಲವೆ, ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮೀನುಗಳು ಬದುಕಿವೆ.

ಧಾರಿಣಿ ಅಳಲಿಲ್ಲ. ಒಂಟಿ ಶೆಟ್ಟರನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ನನ್ನ ಪಕ್ಕದಲ್ಲಿ ಕುಳಿತು, "ಹೋದೋರು ಮತ್ತೆ ಬರೋದಿಲ್ಲ ಅಲ್ವಾ ಅಜ್ಜ?" ಎಂದಳು. ಹಿಂದಿಯ ಸೋಂಕಿಲ್ಲದ ಇಡೀ ಕನ್ನಡ ವಾಕ್ಯವನ್ನು ಅವಳಿಂದ ಕೇಳಲು ಎಷ್ಟು ದಿನ ಹಂಬಲಿಸಿದ್ದೆ! ಭೇಷ್ ಎನ್ನಲಾಗಲಿಲ್ಲ. ಅವಳು ಶೆಟ್ಟಮ್ಮನ ವಿಷಯವನ್ನೇ ಕೇಳುತ್ತಿದ್ದಾಳೆಂಬಂತೆ ನಟಿಸಿ, ಮಣ್ಣಿನ ಗುಣಧರ್ಮಗಳನ್ನು ವಿವರಿಸಿದೆ.

ರತ್ನಾ ಅವರಿಗೆ ನನ್ನ ನಮಸ್ಕಾರಗಳನ್ನು ತಿಳಿಸು. ಚಾಮುಂಡೇಶ್ವರಿ ನಿನ್ನ ಮಂಡಿಗಳಿಗೆ ಬಲ ಕೊಡಲಿ.

ಇಂತು ನಿನ್ನ ಕ್ಷೇಮವನ್ನು ಬಯಸುವ,
ಅನಂತರಾಮ

ಮರೆತ ಮಾತು: ತಾವು ಊರುಗೋಲಿಲ್ಲದೆ ದೇವಸ್ಥಾನಕ್ಕೆ ನಡೆದುಹೋಗುತ್ತಿರುವುದಾಗಿ ರತ್ನಾ ಅವರೇ ಮೊನ್ನೆ ಹೇಳಿದರು. ಆದರೂ ದೀಪಾವಳಿ ಕಳೆಯಲಿ ಎನ್ನುತ್ತೀ. ಇಲ್ಲಿ ಮಾತಿಗೆ ಜನವಿಲ್ಲವೆಂದು ನೀನು ಹಿಂದೊಮ್ಮೆ ಹೇಳಿದ್ದೆ. ಆಗಲೂ ನಾನು ಮನೆಯಲ್ಲೇ ಇದ್ದೆ. ಅಲ್ಲಿನ ಬೊಂಬೆಯಂಗಡಿಗಳಲ್ಲಿ ಈಗ ಹೊಸ ಶೆಟ್ಟಮ್ಮ ಸಿಗಬಹುದು. ಪಾರ್ಸೆಲಿನಲ್ಲಿ ಕಳುಹಿಸಬೇಡ, ಒಡೆದೀತು. ಮಡಿಲಲ್ಲಿಟ್ಟುಕೊಂಡು ನೀನೇ ತೆಗೆದುಕೊಂಡು ಬಾ, ನವರಾತ್ರಿಗೆ ಮುಂಚೆ. ಧಾರಿಣಿಗಾಗಿ ಬಾ ಎಂದು ಬರೆಯಹೊರಟಿದ್ದೆ. ಅದು ಪೂರ್ಣ ಸತ್ಯವಾಗುವುದಿಲ್ಲ.