ಮೈನಸ್ ಏಳರ ಶೇಷ

ತನ್ಮಯಿ,

ಇದನ್ನು ಯಾವ ಮುಖ ಇಟ್ಟುಕೊಂಡು ನಿನಗೆ ಕಳಿಸಲಿ? ಆದರೂ ಬರೆಯುತ್ತಿದ್ದೇನೆ.

ರಾತ್ರಿಯೆಲ್ಲ ನಿದ್ದೆಗೆಡಿಸಿದ ಮಗುವಿಗೆ ಬೆಳಿಗ್ಗೆ ರಾಗಿಸರಿ ತಿನ್ನಿಸುತ್ತಿದ್ದೆ. ನಮ್ಮ ಪ್ರೋಗ್ರಾಮಿಂಗ್ ಭಾಷೆಗೆ ಹೊಸ ಕಂಪೈಲರ್, ಅಂದರೆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ, ಬರೆಯುತ್ತಿರುವ ಒಬ್ಬರ ಪ್ರಶ್ನೆ ಫೋನಿಗೆ ಬಂತು. ಕಂಪೈಲರ್ ಸರಿಯಿದೆಯೇ ಎಂದು ನೋಡಲು ನಾವಿಬ್ಬರೂ ಸೇರಿ ಕಟ್ಟಿದ ಟೆಸ್ಟ್‌ಗಳಲ್ಲಿ ಅವರಿಗೆ ಒಂದೇ ಒಂದು ಫೇಲಾಗುತ್ತಿದೆಯಂತೆ. ಮೈನಸ್ ಏಳನ್ನು ಎರಡರಿಂದ ಭಾಗಿಸಿದರೆ ನಮ್ಮ ನಿಯಮದಂತೆ ಶೇಷ ಒಂದು. ಟೆಸ್ಟ್ ಮಾತ್ರ ಮೈನಸ್ ಒಂದು ಅನ್ನುತ್ತದೆ. ಯಾವುದು ಸರಿ?

ನಾನು ಈ ಟೆಸ್ಟ್ ಬರೆದ ದಿನವೇ ನೀನು ಹೇಳಿದ್ದೆ, "ಉತ್ತರ ತಪ್ಪು ಕಣೇ ಗಗನಾ, ಒಂದು ನಿದ್ದೆ ಮಾಡಿ ಎದ್ದು ನೋಡು" ಅಂತ. "ಬಾಣಂತಿಗೆ ಬುದ್ಧಿ ಹೇಳ್ಬೇಡ ಹೋಗೇ" ಅಂದು ಅದನ್ನು ಹಾಗೇ ಸೇರಿಸಿಬಿಟ್ಟೆ. ನೀನು ಈ ಕೆಲಸವನ್ನೇ ಬಿಟ್ಟು ಹೊರಟುಹೋದೆ. ಆಮೇಲೆ ಮೂರು ಕಂಪೈಲರ್‌ಗಳು ಆ ತಪ್ಪಿಗೇ ಹೊಂದಿಕೊಂಡವು. ಈಗ ತಿದ್ದಿದರೆ ಅವು ಮೂರೂ ಕೆಡುತ್ತವೆ. ತಿದ್ದದಿದ್ದರೆ ಇವರೂ ನನ್ನ ತಪ್ಪನ್ನೇ ಕಲಿಯುತ್ತಾರೆ.

"ಏನ್ ಕಣಮ್ಮ, ಮಗ ಬಾಯ್ ತಕ್ಕೊಂಡ್ ಕೂತದೆ, ನೀನ್ ನೋಡುದ್ರೆ ಫೋನ್ ನೋಡ್ತಾ ಕೂತಿದೀಯ" ಅಂದರು ಅತ್ತೆ.

ಚಮಚ ಹಿಡಿದುಕೊಂಡೇ ಉತ್ತರ ಕಳಿಸಿದೆ: ಟೆಸ್ಟ್ ಸರಿಯಿದೆ.

ಆಮೇಲೆ ನೋಡಿದೆ. ಆ ಟೆಸ್ಟನ್ನು ಪರಿಶೀಲಿಸಿದವರು ಅನ್ನುವ ಕಡೆ ನಿನ್ನ ಹೆಸರೇ ಇದೆ. ಅವತ್ತು ನಿನ್ನನ್ನು ಕೇಳದೆ ನಾನೇ ಹಾಕಿದ್ದು. ಇವತ್ತೂ ತೆಗೆಯಲಿಲ್ಲ.