ಹೊಲಮನೆ ಕೂಸಿನ ಪಾಲೂ ಇಲ್ಲ

ತಂಗಿ ನೀಲವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ಇದ್ದಾಗ ಬಾರದ ಓದು ಹೋದ ಮೇಲಾದರೂ ಬಂದೀತೆಂಬ ಭಂಡಧೈರ್ಯದಿಂದ ಬರೆಯುತ್ತಿದ್ದೇನೆ. ಬಂದಿರದಿದ್ದರೆ ಅಲ್ಲಿ ಯಾರಿಂದಾದರೂ ಓದಿಸಿಕೋ. ನನ್ನಂಥ ಪದವೀಧರನ ಕೈಗೆ ಮಾತ್ರ ಕೊಡಬೇಡ. ನಿನಗೊಂದು ಸುದ್ದಿ ಹೇಳುವುದಿದೆ. ಅದಕ್ಕೂ ಮೊದಲು, ನೀನಿದ್ದಾಗ ಹೇಳದೆ ನುಂಗಿದ ಒಂದು ಮಾತಿದೆ.

ಬಸವನ ಬಾಗೇವಾಡಿಯ ಆ ಹತ್ತಿ ಅಂಗಡಿ ನೆನಪಿದೆಯೇ? ನಮ್ಮ ಇಂಡಿಗೂ ನಿನ್ನ ಗಂಡನ ಮುದ್ದೇಬಿಹಾಳಕ್ಕೂ ನಡುವಿನ ಊರೆಂದು ಹಿರಿಯರು ಅಲ್ಲಿ ಸೇರಿದ್ದರು. ಗಂಡುಕೂಸು ಹಡೆಯಲಿಲ್ಲವೆಂದು ನಿನ್ನ ಗಂಡನಿಗೆ ಇನ್ನೊಬ್ಬಳು ಬೇಕಾಗಿದ್ದಳು. ಇಬ್ಬರನ್ನು ಇಟ್ಟುಕೊಳ್ಳಬಾರದೆಂದು ಕಾಯಿದೆ ಇತ್ತು. ಅವನು ಕಾಯಿದೆಗೆ ಅಂಜುವ ಮನುಷ್ಯ. ಹಾಗಾಗಿ ಎರಡನೆಯವಳನ್ನು ತರುವ ಮುಂಚೆ ಮೊದಲನೆಯವಳನ್ನು ಬಿಡಲು ಬಂದಿದ್ದ. ಗಂಡಹೆಂಡತಿ ಬೇರೆಯಾದೆವೆಂದು ಹಿರಿಯರ ಮುಂದೆ ಬರೆದುಕೊಡುವ ಸೋಡಚೀಟಿ ಆಗಬೇಕಿತ್ತು. ಮೂರೂವರೆ ವರ್ಷದ ಕಮಲಿ ನಿನ್ನ ಮಡಿಲಲ್ಲಿ ನಿದ್ದೆ ಹೋಗಿದ್ದಳು.

"ಮಾಸ್ತರ, ನೀವ ಬರೀರಿ. ಬಿ.ಎ. ಆದವರು ಕುಂತಾಗ ಮತ್ಯಾರು ಬರೀಬೇಕು?" ಎಂದರು ಅಂಗಡಿಯ ಮುದುಕರು.

"ಕೂಸಿಂದು ಹ್ಯಾಂಗ್ರಿ?" ಎಂದು ನಾನೇ ಕೇಳಿದೆ.

"ಅದನ್ನ ಆಮ್ಯಾಲೆ ನೋಡೂನು. ಸಣ್ಣ ಕೂಸು, ಎಲ್ಲಿ ಓಡಿಹೋಗ್ತೈತಿ? ಈಗ ಬಾಳುವೆ ಇಲ್ಲ, ಹೊಲಮನ್ಯಾಗ ಪಾಲಿಲ್ಲ, ಇಷ್ಟ ಹಾಕ್ರಿ."

ಇಷ್ಟೇ ಹಾಕಿದ್ದರೆ... ನನ್ನ ಚಾಳಿ ನಿನಗೆ ಗೊತ್ತು. ಸಿಂದಗಿಯ ಸಾಲೆಯಲ್ಲಿ ಹಾಜರಿ ಕರೆಯುವಾಗಲೂ ಹೆಸರಿಗೊಂದು ಪ್ರಾಸ ಹಚ್ಚುವವನು ನಾನು. 'ಗಂಡನ ಕೂಡ ಬಾಳೂ ಇಲ್ಲ' ಎಂದು ಬರೆದೆ. 'ಹೊಲಮನೆ ಪಾಲೂ ಇಲ್ಲ' ಎಂದರೆ ಸಾಲು ಕುಂಟುತ್ತಿತ್ತು. ನಡುವೆ ತುಂಬಲು ಒಂದು ಪದ ಬೇಕಾಗಿತ್ತು. ತಲೆ ಎತ್ತಿದೆ, ನಿನ್ನ ಮಡಿಲಲ್ಲಿ ಕೂಸು ಕಂಡಿತು. ಬರೆದೆ: ಗಂಡನ ಕೂಡ ಬಾಳೂ ಇಲ್ಲ, ಹೊಲಮನೆ ಕೂಸಿನ ಪಾಲೂ ಇಲ್ಲ.

ಓದಿ ಹೇಳಿದಾಗ ಹಿರಿಯರು ತಲೆದೂಗಿದರು. ನೀನೊಬ್ಬಳೇ ಕೇಳಿದವಳು. "ಅಣ್ಣಾ, ಹೊಲಕ್ಕ ಪಾಲು ಇರ್ತಾವ. ಕೂಸಿಗೆ ಎಂಥಾ ಪಾಲೋ?"

"ಅದು ಪ್ರಾಸಕ್ಕ ಬಂದದ್ದವ್ವಾ. ನೀ ಅದಕ್ಕ ಅರ್ಥ ಹಚ್ಚಬ್ಯಾಡ" ಎಂದೆ. ನಿನ್ನ ಹೆಬ್ಬೆರಳು ಹಿಡಿದು ಎರಡೂ ಪ್ರತಿಗೆ ಒತ್ತಿಸಿದವನೂ ನಾನೇ. ಒಂದು ನಿನ್ನ ಗಂಡನಿಗೆ, ಒಂದು ನಮ್ಮ ಟ್ರಂಕಿಗೆ.

ಮುಂದೊಂದು ದಿನ ಶೇಂಗಾ ಸುಲಿಯುತ್ತ ಅಂಗಳದಲ್ಲಿ ಕೂತಿದ್ದೆ ನೀನು, ಅವನು ಚೀಟಿ ಹಿಡಿದುಕೊಂಡು ಇಂಡಿಗೆ ಬಂದಾಗ. ಹೊಸ ಹೆಂಡತಿ ಬಂದು ಆರು ತಿಂಗಳಾಗಿತ್ತು. "ಕೂಸು ನಮ್ಮ ಮನೀದು. ನಿಮ್ಮಣ್ಣನ ಬರದಾನ, ಬೇಕಾದ್ರ ಓದಸ್ಕೋ" ಎಂದು ಕಮಲಿಯನ್ನು ಎತ್ತಿಕೊಂಡು ನಡೆದ. ನಾನು ಆಗ ಸಿಂದಗಿಯಲ್ಲಿ ಮಕ್ಕಳಿಗೆ ಛಂದಸ್ಸು ಪಾಠ ಮಾಡುತ್ತಿದ್ದೆ.

ವಿಜಾಪುರದ ವಕೀಲರು ಮೊದಲ ದಿನ ಎಷ್ಟು ಹುರುಪಿನಿಂದ ಮಾತಾಡಿದ್ದರು ನೆನಪಿದೆಯಲ್ಲ? "ಅಂಜಬ್ಯಾಡವಾ. ಐದು ವರ್ಷ ತುಂಬೂತನಾ ಕೂಸು ತಾಯಿ ಹಂತ್ಯಾಕ ಇರಬೇಕಂತ ಕಾಯಿದೇನ ಐತಿ" ಎಂದಿದ್ದರು. ಕಾಯಿದೆ ಸುಳ್ಳಲ್ಲ, ತಂಗಿ. ಆದರೆ ಒಮ್ಮೆ ಅವನು ಬರಲಿಲ್ಲ, ಒಮ್ಮೆ ಅವನ ವಕೀಲ ಬರಲಿಲ್ಲ, ಒಮ್ಮೆ ನ್ಯಾಯಾಧೀಶ ಸಾಹೇಬರಿಗೇ ವರ್ಗವಾಯಿತು. ಕೇಸು ನಿಂತಿತು, ಕೂಸು ಬೆಳೆಯಿತು. ಕಮಲಿಗೆ ಐದು ತುಂಬಿದ ದಿನ ನೀನು ಮನೆಯಲ್ಲಿ ಗೋಧಿ ಹುಗ್ಗಿ ಮಾಡಿದೆ. ಅವಳಿಗೆ ಐದು ತುಂಬಿದೊಡನೆ ನಮ್ಮ ಕೈಯ ಕಾಯಿದೆ ಜಾರಿತೆಂದು ನಿನಗೆ ಯಾರು ಹೇಳಬೇಕಿತ್ತು? ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.

ಇನ್ನು ಆ ನುಂಗಿದ ಮಾತು. ಕೋರ್ಟಿನ ಹೊರಗೆ ಬೇವಿನ ಗಿಡದ ಕೆಳಗೆ ನಿನ್ನನ್ನು ಕೂರಿಸಿ ನಾನು ಸಾಕ್ಷಿ ಹೇಳಲು ಒಳಗೆ ಹೋಗಿದ್ದೆ. ಅವನ ವಕೀಲ ಆ ಸಾಲನ್ನು ರಾಗವಾಗಿ ಓದಿದ. ಜನ ನಕ್ಕರು. ಸಾಹೇಬರು ನಗಲಿಲ್ಲ. "ಮಾಸ್ತರರೇ, ಇದನ್ನು ಅರ್ಥ ತಿಳಿದು ಬರೆದಿರೋ, ಸುಮ್ಮನೆ ಪದಕ್ಕೆ ಪದ ಕೂಡಿಸಿದಿರೋ?" ಎಂದು ಕೇಳಿದರು. ಒಳ್ಳೆಯ ಮನುಷ್ಯ. ಬಾಗಿಲು ತೆರೆದು ಹಿಡಿದಿದ್ದ. ಪ್ರಾಸಕ್ಕೆ ಬರೆದದ್ದು, ತಂಗಿಗೆ ಅರ್ಥ ಹಚ್ಚಬೇಡ ಅಂದಿದ್ದೆ, ಎಂದು ಹೇಳಿದ್ದರೆ ಸಾಕಿತ್ತು. ಹಿಂದಿನ ಬೆಂಚಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ಕೂತಿದ್ದರು. ಬಿ.ಎ. ಆದ ಮಾಸ್ತರನಿಗೆ ತಾನು ಬರೆದದ್ದರ ಅರ್ಥ ತಿಳಿದಿರಲಿಲ್ಲ ಎನ್ನುವುದು...

"ತಿಳಿದೇ ಬರೆದೆನ್ರಿ" ಎಂದೆ.

ಹೊರಗೆ ಬಂದಾಗ "ಏನಂದ್ರೋ ಅಣ್ಣಾ?" ಎಂದು ನೀನು ಕೇಳಿದೆ. "ಕಾಯಿದೆ ಹಂಗ ಐತಿ" ಎಂದೆ ನಾನು. ಕೂಸು ರೂಢಿಯಾದ ಮನೆಯಲ್ಲೇ ಇರಲಿ, ತಾಯಿ ತಿಂಗಳಿಗೊಮ್ಮೆ ನೋಡಲಿ ಎಂದು ಹುಕುಂ ಆಯಿತು. ನೀನು ಪ್ರತಿ ತಿಂಗಳು ಮುದ್ದೇಬಿಹಾಳಕ್ಕೆ ಹೋದೆ. ಮೊದಮೊದಲು ಅವಳನ್ನು ಬಾಗಿಲಿಗೆ ಕರೆತರುತ್ತಿದ್ದರು. ಆಮೇಲೆ ಬಾಗಿಲನ್ನಷ್ಟೇ ತೋರಿಸುತ್ತಿದ್ದರು. ಎರಡು ವರ್ಷ ಹಾಗೆ ಓಡಾಡಿ ಜ್ವರ ಹಿಡಿದು ಮಲಗಿದೆ. ಕೊನೆಯ ದಿನವೂ "ನೀ ಇದ್ದಿದ್ದಕ್ಕ ಇಷ್ಟರ ಆತು, ಅಣ್ಣಾ" ಎಂದೆಯಲ್ಲ. ಬೈದಿದ್ದರೆ ಆಗುತ್ತಿರಲಿಲ್ಲವೇ?

ಈಗ ಸುದ್ದಿ. ಹೋದ ಸೋಮವಾರ ಸಾಲೆ ಬಿಡುವ ಹೊತ್ತಿಗೆ ಒಬ್ಬ ಹುಡುಗಿ ಗೇಟಿನ ಬಳಿ ನಿಂತಿದ್ದಳು. ಹದಿನಾರರ ಹುಡುಗಿ, ನಿನ್ನದೇ ಹಣೆ. "ಮಾಸ್ತರ, ನಾ ಮುದ್ದೇಬಿಹಾಳದಾಕಿ" ಎಂದಳು. ಮಾಮಾ ಎನ್ನಲಿಲ್ಲ. ಅವಳಿಗೆ ಮದುವೆ ಗೊತ್ತಾಗಿದೆಯಂತೆ. "ನಮ್ಮವ್ವ ನನ್ನ ಬರದು ಕೊಟ್ಟಾಳಂತ ಮನ್ಯಾಗ ಅಂತಾರ. ಆ ಚೀಟಿ ನೋಡಬೇಕಾಗೇತ್ರಿ."

ಮನೆಗೆ ಕರೆದೊಯ್ದು ಟ್ರಂಕಿನಿಂದ ತೆಗೆದು ಕೊಟ್ಟೆ. ಓದಿದಳು. ಅವಳಿಗೆ ಓದಲು ಬರುತ್ತದೆ, ನೀಲವ್ವಾ.

"ಅವ್ವ ತಿಳದು ಒತ್ಯಾಳೇನ್ರಿ?"

"ಇಲ್ಲವ್ವಾ. ಆಕಿ ಕೇಳಿದ್ಲು, ನಾ ಹೇಳಲಿಲ್ಲ. ಪ್ರಾಸಕ್ಕ ಬರದೆ. ಕೋರ್ಟಿನ್ಯಾಗ ಸುಳ್ಳು ಹೇಳಿದೆ."

ಹತ್ತು ಹನ್ನೊಂದು ವರ್ಷ ತಡವಾಗಿ ಸಾಕ್ಷಿ ಹೇಳಿದೆ, ಯಾವ ಸಾಹೇಬರೂ ಇಲ್ಲದ ಕಡೆ. ಅವಳು ಸಿಟ್ಟಾಗಲಿಲ್ಲ, ಅಳಲಿಲ್ಲ. ಕಾಗದದ ಕೆಳತುದಿಯ ಕಪ್ಪು ಗುರುತಿನ ಮೇಲೆ ಬೆರಳಿಟ್ಟಳು.

"ಇದು ಅವ್ವನ ಹೆಬ್ಬಟ್ಟೇನ್ರಿ?"

"ಹೌದವ್ವಾ."

"ಇದನ್ನ ನಾ ಒಯ್ಲೇನ್ರಿ? ನನ್ನ ಹಂತ್ಯಾಕ ಅವ್ವಂದು ಅಂತ ಏನೂ ಇಲ್ಲ."

ಒಯ್ಯಿ ಎಂದೆ. ನನ್ನ ಅಕ್ಷರ ಒಳಗಾಗಿ, ನಿನ್ನ ಹೆಬ್ಬೆಟ್ಟು ಮೇಲಾಗಿ ಕಾಣುವಂತೆ ಅದನ್ನು ಮಡಚಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ನಿನ್ನ ಅಣ್ಣ