ಸದರಿ ಸರಾಸರಿಗೆ ನನ್ನ ಆಕ್ಷೇಪಣೆ

ಮಹಡಿ ಮೇಲಿನ ಕೋಣೆ,
ಸೋಮವಾರ, ಮಾರ್ಚ್ ೧೪

೧. ಬರೆದವರು: ನಿನ್ನ ಅಕ್ಕ, ವಯಸ್ಸು ಅರವತ್ತೊಂಬತ್ತು. ನ್ಯಾಯಾಲಯದ ಎದುರಿನ ಅಂಗಡಿಯಲ್ಲಿ ಅರ್ಜಿಗಳ ಪ್ರತಿ ಬರೆಯುವ ಕಸುಬಿನಿಂದ ನಿವೃತ್ತಳು. ಹಾಲಿ ಸಂಜೆ ಕಾಲೇಜಿನ ವಿದ್ಯಾರ್ಥಿನಿ.
೨. ಪಡೆಯತಕ್ಕವರು: ನನ್ನ ಒಬ್ಬನೇ ತಮ್ಮ, ಹಾಲಿ ಮಗಳ ಮನೆಯಲ್ಲಿ ವಾಸ.
೩. ವಿಷಯ: ಅಪ್ಪ ಬಿಟ್ಟುಹೋದ ಲಾಂಡ್ರಿಯ ಆಸ್ಪತ್ರೆ ರಸ್ತೆಯ ಕೌಂಟರನ್ನು ಮುಚ್ಚುವ ಬಗ್ಗೆ.
೪. ಉಲ್ಲೇಖ: ನನ್ನ ಸಹಿಗಾಗಿ ನೀನು ಕಳಿಸಿರುವ ಕಾಗದ.
೫. ಕೋರಿಕೆ: ಇಲ್ಲ. ಇದು ಕೋರಿಕೆಯ ಪತ್ರವಲ್ಲ.

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಮೊದಲು ನಿನ್ನ ಮಂಡಿಯ ವಿಚಾರ. ಮೆಟ್ಟಿಲು ಇಳಿಯುವಾಗ ಈಗಲೂ ಕಳಕ್ಕೆನ್ನುತ್ತದೆಯೇ? ಡಾಕ್ಟರು ಹೇಳಿದ ವ್ಯಾಯಾಮವನ್ನು ನೀನು ಮಾಡುತ್ತಿರಲಾರೆ ಎಂಬುದು ನನ್ನ ದೃಢವಾದ ನಂಬಿಕೆ. ಮಗಳನ್ನೂ ಮೊಮ್ಮಗುವನ್ನೂ ಕೇಳಿದೆನೆಂದು ಹೇಳು. ಅಳಿಯಂದಿರನ್ನೂ ಕೇಳಿದೆನೆಂದು ಹೇಳು. ಅವರ ವಿಷಯ ಮುಂದೆ ಬರಲಿಕ್ಕಿದೆ. ನಾನು ಆರೋಗ್ಯವಾಗಿದ್ದೇನೆ. ಕನ್ನಡಕ ಬದಲಾಯಿಸಿದ ಮೇಲೆ ಕಪ್ಪುಹಲಗೆಯ ಕೊನೆಯ ಸಾಲೂ ಕಾಣುತ್ತದೆ. ನಮ್ಮ ತಂಗಿ, ಚಿಕ್ಕವಳು ಕೂಡ ಚೆನ್ನಾಗಿದ್ದಾಳೆ. ನಿನ್ನೆ ಬಂದು, ನನ್ನ ಸೀರೆಯ ಇಸ್ತ್ರಿ ಸರಿಯಿಲ್ಲವೆಂದು ಉಟ್ಟ ಸೀರೆಯನ್ನೇ ಬಿಚ್ಚಿಸಿಕೊಂಡು ಹೋದಳು. ಅವಳ ಕೋಪ ನಿನಗೆ ಗೊತ್ತಿರುವುದೇ.

ನಿನ್ನ ಕಾಗದ ತಲುಪಿತು. ಅದರೊಂದಿಗೆ ನೀನು ಬರೆದಿರುವ ಮಾತುಗಳೂ ತಲುಪಿದವು: 'ಅಕ್ಕಾ, ಈ ವಯಸ್ಸಿನಲ್ಲಿ ನಿನಗ್ಯಾಕೆ ಈ ಹುಚ್ಚು? ಕಾಲೇಜು ಗೀಲೇಜು ಬಿಟ್ಟು ಸುಮ್ಮನೆ ಸಹಿ ಹಾಕು. ಜನ ನಗ್ತಾರೆ.' ಮೂವರು ಪಾಲುದಾರರಲ್ಲಿ ಇಬ್ಬರು ಸಹಿ ಮಾಡಿದರೆ ಸಾಕೆಂದು ಅಪ್ಪನೇ ಬರೆಸಿಟ್ಟಿದ್ದಾರೆ. ನಿನ್ನ ಸಹಿ ಆಗಲೇ ಬಿದ್ದಿದೆ. ನಾನೊಂದು ಗೀಟು ಎಳೆದರೆ ಆಸ್ಪತ್ರೆ ರಸ್ತೆಯ ಬಾಗಿಲು ಮುಚ್ಚುತ್ತದೆ. ಚಿಕ್ಕವಳ ದುಡಿಮೆ ಆ ಕೌಂಟರಿನಲ್ಲಿ. ಅವಳ ಹಾಸಿಗೆ, ಒಲೆ, ರೇಡಿಯೋ ಎಲ್ಲವೂ ಅದರ ಹಿಂದಿನ ಕೋಣೆಯಲ್ಲಿ. ಅವಳನ್ನು ನನ್ನ ಮನೆಗೆ ಕರೆದುಕೊಳ್ಳಬಹುದೆಂದು ನೀನು ಉದಾರವಾಗಿ ಸೂಚಿಸಿದ್ದೀಯೆ. ನನ್ನ ಮನೆ ಉದಾರವಾಗಿಯೇ ಇದೆ. ಆದರೆ ತನ್ನ ಬೀಗದ ಕೈಯನ್ನು ತಾನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಇಷ್ಟು ವರ್ಷ ಬದುಕಿದವಳು ಅಕ್ಕನ ಮನೆಯ ಚಾಪೆಯ ಮೇಲೆ ಮಲಗಿ ಏನಾಗುತ್ತಾಳೆಂದು ನೀನು ಯೋಚಿಸಿದ ಹಾಗೆ ಕಾಣಲಿಲ್ಲ.

ನನ್ನ ಹುಚ್ಚು ಶುರುವಾದದ್ದು ಎಲ್ಲಿಂದ ಎಂಬುದನ್ನು ದಾಖಲಿಸುವುದು ಸೂಕ್ತ. ಮಳೆಗಾಲ ಮುಗಿದ ಮೇಲೆ ಚಿಕ್ಕವಳನ್ನು ಬಿಟ್ಟು ನಾವೆಲ್ಲ ಫೋನಿನಲ್ಲಿ ಸಭೆ ಸೇರಿದೆವಲ್ಲ, ಅಂದು ಅಳಿಯಂದಿರು ಲಾಂಡ್ರಿಯ ಎರಡು ಕೌಂಟರುಗಳ ಬಗೆಗಿನ ತಮ್ಮ ವರದಿಯನ್ನು ಓದಿದರು. ಮಾರುಕಟ್ಟೆಯ ಕೌಂಟರಿಗೆ ಬರುವ ದೂರುಗಳ ವಾರದ ಸರಾಸರಿ ಇಷ್ಟು, ಆಸ್ಪತ್ರೆ ರಸ್ತೆಯದು ಅದರ ದುಪ್ಪಟ್ಟು, ಆದಕಾರಣ ಎರಡನೆಯದನ್ನು ಮುಚ್ಚತಕ್ಕದ್ದು. ದುಪ್ಪಟ್ಟು ಹೇಗಾಯಿತು ಎಂದು ಕೇಳಿದೆ. ಅವರು ಬಹಳ ಸೌಜನ್ಯದಿಂದ, 'ದೊಡ್ಡತ್ತೆ, ಅದು ನಿಮಗೆ ಅರ್ಥ ಆಗಲ್ಲ ಬಿಡಿ. ಅದು ಸ್ಟ್ಯಾಟಿಸ್ಟಿಕ್ಸು' ಎಂದರು. ನೀನು ನಕ್ಕೆ. ಆ ನಗು ನನಗೆ ಇಲ್ಲಿಯವರೆಗೆ ಕೇಳಿಸಿತು. ಮರುದಿನವೇ ಸಂಜೆ ಕಾಲೇಜಿಗೆ ಹೋದೆ. ಗುಮಾಸ್ತ ತಲೆ ಎತ್ತದೆ, 'ಮೊಮ್ಮಗನ ಅಡ್ಮಿಷನ್ನಾ ಅಜ್ಜಿ?' ಎಂದು ಕೇಳಿದ. ನನ್ನ ಪದವಿ ಪತ್ರವನ್ನು ಅವನ ಮೇಜಿನ ಮೇಲಿಟ್ಟು, ವ್ಯಾಪಾರ ನಿರ್ವಹಣೆ ಓದುವವರ ತರಗತಿಯಲ್ಲಿ ಸಂಖ್ಯಾಶಾಸ್ತ್ರದ ಒಂದು ಪತ್ರಿಕೆಯನ್ನು ಮಾತ್ರ ಕಲಿಯಲು ಅವಕಾಶ ಉಂಟೋ ಇಲ್ಲವೋ, ಇಲ್ಲವಾದರೆ ಯಾವ ನಿಯಮದ ಪ್ರಕಾರ ಇಲ್ಲ, ಲಿಖಿತದಲ್ಲಿ ಕೊಡಿ ಎಂದೆ. ಲಿಖಿತವೆಂದ ಕೂಡಲೇ ಅವಕಾಶ ಉಂಟೆಂದು ತಿಳಿದುಬಂತು.

ತರಗತಿಯಲ್ಲಿ ಎಲ್ಲರೂ ದಿನವಿಡೀ ಆಫೀಸಿನಲ್ಲಿ ದುಡಿದು, ಟೈ ಸಡಿಲಿಸಿಕೊಂಡು ಆಕಳಿಸುತ್ತ ಬರುವವರು. ನನಗೆ 'ಅರ್ಜಿ ಅಜ್ಜಿ' ಎಂದು ಹೆಸರಿಟ್ಟಿದ್ದಾರೆ. ಕಾರಣ ನಾನೇ ಒದಗಿಸಿದ್ದು, ಆದ್ದರಿಂದ ತಕರಾರಿಲ್ಲ. ಮೊದಲ ಕೆಲಸವಾಗಿ, ಪಾಠ ಮಾಡುವ ಮೇಡಂ, ನಿಮಗೆ ಗೊತ್ತಿರುವ ಒಂದು ವ್ಯಾಪಾರದ ಗಿರಾಕಿಗಳಲ್ಲಿ ಕೆಲವರನ್ನು ಆರಿಸಿ ಅಭಿಪ್ರಾಯ ಸಂಗ್ರಹಿಸಿ ಎಂದರು. ಆರಿಸುವ ವಿದ್ಯೆ ನನಗೆ ಹೇಳಿಕೊಡಬೇಕೇ? ಕಕ್ಷಿದಾರನ ಪರವಾಗಿ ಯಾರು ಗಟ್ಟಿಯಾಗಿ ಹೇಳುತ್ತಾರೆ, ಯಾರು ಮಧ್ಯದಲ್ಲಿ ತಡವರಿಸುತ್ತಾರೆ ಎಂದು ಮುಖ ನೋಡಿ ಹೇಳಬಲ್ಲೆ. ಚಿಕ್ಕವಳ ಗಿರಾಕಿಗಳಲ್ಲಿ ಸಜ್ಜನರನ್ನು ಹುಡುಕಿ, ಬೆಂಚಿನ ಮೇಲೆ ಕೂರಿಸಿ, ಕಾಫಿ ಕೊಟ್ಟು, ಅವರ ಹೇಳಿಕೆಗಳನ್ನು ನಾನೇ ಬರೆದೆ: 'ಸದರಿ ಕೌಂಟರಿನ ಸೇವೆಯು ನನಗೆ ಸರ್ವಥಾ ತೃಪ್ತಿಕರವಾಗಿರುತ್ತದೆ.' ಒಬ್ಬರದೂ ಒಂದಕ್ಷರ ಹೆಚ್ಚು ಕಡಿಮೆ ಇರಲಿಲ್ಲ. ಮೇಡಂ ಓದಿ, ಸೊನ್ನೆ ಹಾಕಿ, ನನ್ನ ಬೆಂಚಿನ ಹತ್ತಿರ ಬಂದು ಮೆಲ್ಲಗೆ, 'ಅಮ್ಮಾ, ಇವರು ಸ್ಯಾಂಪಲ್ ಅಲ್ಲ, ಸಾಕ್ಷಿಗಳು' ಎಂದರು. ಸಾಕ್ಷಿ ಚೆನ್ನಾಗಿದ್ದುದಕ್ಕೆ ಸೊನ್ನೆ ಪಡೆದದ್ದು ಜೀವನದಲ್ಲಿ ಅದೇ ಮೊದಲು.

ಬಿಟ್ಟೇನೆಂದುಕೊಂಡೆಯಾ? ಮುಂದೆ ಪರೀಕ್ಷೆಗೂ ಕೂತೆ. ಎರಡರ ನಡುವೆ ವ್ಯತ್ಯಾಸವಿಲ್ಲ ಎಂದು ಮೊದಲು ಇಟ್ಟುಕೊಂಡು, ಅದಕ್ಕೆ ವಿರುದ್ಧವಾಗಿ ಸಾಕಷ್ಟು ಪುರಾವೆ ಸಿಕ್ಕರೆ ಮಾತ್ರ ಅದನ್ನು ತಳ್ಳಿಹಾಕಬೇಕು. ಇದಕ್ಕೆ ನಲ್ ಹೈಪಾಥಿಸಿಸ್ ಎಂದು ಹೆಸರು. ಲೆಕ್ಕ ಸರಿಯಾಗಿಯೇ ಬಂತು. ಆದರೆ ಕೈಯ ಅಭ್ಯಾಸ ಎಲ್ಲಿ ಹೋಗುತ್ತದೆ? ಕೊನೆಯಲ್ಲಿ, 'ಮೇಲ್ಕಂಡ ಕಾರಣಗಳಿಂದ ಸದರಿ ಹೈಪಾಥಿಸಿಸನ್ನು ದಯಮಾಡಿ ವಜಾ ಮಾಡಬೇಕಾಗಿ ಪ್ರಾರ್ಥನೆ' ಎಂದು ಬರೆದುಬಿಟ್ಟೆ. ಮೇಡಂ ಅಂಚಿನಲ್ಲಿ, 'ಪ್ರಾರ್ಥನೆ ಬೇಡ, ತೀರ್ಮಾನ ಸಾಕು' ಎಂದು ಕೆಂಪು ಶಾಯಿಯಲ್ಲಿ ಬರೆದರು. ಇಡೀ ತರಗತಿ ನಕ್ಕಿತು. ಜನ ನಗುತ್ತಾರೆಂದು ನೀನು ಹೇಳಿದ್ದು ನಿಜ. ನಕ್ಕ ಮೇಲೆ ಅವರಲ್ಲೇ ಇಬ್ಬರು ಬಂದು, ಕೆಲಸ ಬದಲಾಯಿಸಲು ಅರ್ಜಿ ಬರೆದುಕೊಡಿ ಅಜ್ಜಿ ಎಂದು ಕೇಳಿದರು. ಬರೆದುಕೊಟ್ಟೆ, ಪ್ರಾರ್ಥನೆ ಸಮೇತ.

ಆಮೇಲೆ ಸರಿಯಾದ ಕ್ರಮದಲ್ಲಿ ಶುರುಮಾಡಿದೆ. ಎರಡೂ ಕೌಂಟರುಗಳ ರಸೀದಿಯ ಪ್ರತಿಗಳನ್ನು ಮಡಚಿ, ಎರಡು ಬಟ್ಟೆಬುಟ್ಟಿಗಳಿಗೆ ಹಾಕಿ, ಕುಲುಕಿ, ಕಣ್ಣು ಮುಚ್ಚಿ ಎತ್ತಿದೆ. ಬುಟ್ಟಿ ಮುಟ್ಟಬೇಡವೆಂದು ಚಿಕ್ಕವಳಿಗೆ ಹೇಳಿದ್ದಕ್ಕೆ, 'ನನ್ನ ಬುಟ್ಟಿ, ನಾನೇ ಮುಟ್ಟಬಾರದಾ? ಒಳ್ಳೆ ಕಾಲೇಜು ನಿಂದು' ಎಂದು ಗೊಣಗಿದಳು. ಚೀಟಿ ಎತ್ತಿದರೆ ಏನಾಗುತ್ತದೆ ಗೊತ್ತೇ? ನಾನು ಎಂದೂ ಸಾಕ್ಷಿಗೆ ಕರೆಯದ ಜನರೇ ಬರುತ್ತಾರೆ. ಮೂರನೆಯ ಚೀಟಿಗೇ ಬಂದವರು, ಹಲಗೆಯಂತೆ ನಿಲ್ಲುವಷ್ಟು ಗಂಜಿ ಬೇಕೆಂದು ಹಟ ಹಿಡಿಯುವ ಗಂಜಿ ಡಾಕ್ಟರು. ಅವರ ಮುಂದೆ ನಿಂತು ಕೇಳಿದೆ. 'ಬಟ್ಟೆ ಚೆನ್ನಾಗೇ ಕೊಡ್ತಾರೆ. ಮಾತು ಮಾತ್ರ ಇಸ್ತ್ರಿಪೆಟ್ಟಿಗೆಗಿಂತ ಬಿಸಿ. ಅದನ್ನೂ ಬರ್ಕೊಳ್ಳಿ' ಎಂದರು. ಬರೆದುಕೊಂಡೆ. ಸಂಜೆ ಬೇಗ ಬಾಗಿಲು ಹಾಕುತ್ತಾಳೆಂದು ಒಬ್ಬ ನರ್ಸ್ ಹೇಳಿದಳು. ಅದನ್ನೂ ಬರೆದುಕೊಂಡೆ, ಒಂದು ವಿಶೇಷಣವನ್ನೂ ಸೇರಿಸಲಿಲ್ಲ. ಕೈ ಕಟ್ಟಿಹಾಕಿದಂತಾಗಿತ್ತು ತಮ್ಮಾ.

ಈಗ ಅಳಿಯಂದಿರ ಸರಾಸರಿ. ಅವರ ಅಂಕಿಗಳನ್ನು ವಾರವಾರಕ್ಕೆ ಬಿಡಿಸಿಟ್ಟೆ. ಒಂದು ವಾರ ಮಾತ್ರ ಮಿಕ್ಕೆಲ್ಲದರ ತಲೆಯ ಮೇಲೆ ನಿಂತಿದೆ. ಅದು ಕೆಂಪು ಪರದೆಯ ವಾರ. ನಿನ್ನ ಸ್ನೇಹಿತರಾದ ನಾಟಕ ಮಂದಿರದ ಮ್ಯಾನೇಜರು, ನೀನು ಹೇಳಿದೆಯೆಂದು ಕಳಿಸಿದ ಪರದೆಯನ್ನು, ಒಗೆಯುವ ಕೋಣೆಯವರು ಆಸ್ಪತ್ರೆಯ ಬಿಳಿ ಕೋಟುಗಳ ಜೊತೆಯಲ್ಲೇ ಹಾಕಿದರು. ನರ್ಸುಗಳು, ಡಾಕ್ಟರುಗಳು ಎಲ್ಲರೂ ಗುಲಾಬಿಯಾದರು. ಒಗೆಯುವ ಕೋಣೆ ಎರಡು ಕೌಂಟರಿಗೂ ಒಂದೇ, ಆದರೆ ಬೈಗುಳ ಕೇಳಿದವಳು ಕೌಂಟರಿನಲ್ಲಿದ್ದ ಚಿಕ್ಕವಳು. ಆ ಒಂದು ವಾರ ಇಡೀ ಸರಾಸರಿಯನ್ನು ಕುತ್ತಿಗೆ ಹಿಡಿದು ಮೇಲಕ್ಕೆ ಎಳೆದಿದೆ. ಕಡಿಮೆ ದೂರಿನದರಿಂದ ಹೆಚ್ಚು ದೂರಿನದರವರೆಗೆ ವಾರಗಳನ್ನು ಸಾಲಾಗಿ ನಿಲ್ಲಿಸಿ ನಟ್ಟನಡುವಿನದನ್ನು ನೋಡಿದರೆ ಎರಡು ಕೌಂಟರುಗಳಿಗೂ ಹೆಚ್ಚಿನ ಅಂತರವಿಲ್ಲ. ಆ ವಾರವನ್ನು ಕಿತ್ತೆಸೆಯಲೇ ಎಂದು ಮೇಡಂ ಅವರನ್ನು ಕೇಳಿದೆ. 'ನಿಮಗೆ ಹಿಡಿಸಲಿಲ್ಲ ಅಂತ ಕಿತ್ತುಹಾಕೋ ಹಾಗಿಲ್ಲ. ಇಟ್ಟೂ ತೋರಿಸಿ, ಬಿಟ್ಟೂ ತೋರಿಸಿ, ಯಾಕೆ ಅಂತಾನೂ ಹೇಳಿ' ಎಂದರು. ಹಾಗೆಯೇ ಮಾಡಿದ್ದೇನೆ.

ನನ್ನ ಚೀಟಿಗಳ ಫಲಿತಾಂಶವನ್ನೂ ಮುಚ್ಚಿಡದೆ ಹೇಳುತ್ತೇನೆ. ಚಿಕ್ಕವಳ ಕೌಂಟರೇ ಮೇಲು ಎಂದು ಸಾಬೀತು ಮಾಡುವುದು ನನ್ನ ಆಸೆಯಾಗಿತ್ತು. ಆಗಲಿಲ್ಲ. ಎರಡರ ನಡುವೆ ಕಂಡ ವ್ಯತ್ಯಾಸ, ಚೀಟಿ ಎತ್ತಿದ ಅದೃಷ್ಟದಿಂದಲೇ ಬರಬಹುದಾದಷ್ಟು ಸಣ್ಣದು. ಎರಡೂ ಸಮವೆಂದೂ ನಾನು ಹೇಳುವ ಹಾಗಿಲ್ಲ. ಕೀಳೆಂದು ಹೇಳಲು ಸಾಕಷ್ಟು ಪುರಾವೆಯಿಲ್ಲ ಎಂದಷ್ಟೇ ಹೇಳಬಹುದು. ಇಷ್ಟು ಒಣಗಿದ ವಾಕ್ಯವನ್ನು ನಾನು ಆಯುಷ್ಯದಲ್ಲಿ ಬರೆದಿರಲಿಲ್ಲ. ಆದರೆ ಇದರ ಮೇಲೆ ನಿಲ್ಲಬಹುದು. ನಿನ್ನ ಕಾಗದದ ಮೇಲೆ ನಿಲ್ಲಲಾಗುವುದಿಲ್ಲ. ಸಾಕಷ್ಟು ಪುರಾವೆಯಿಲ್ಲದೆ ಒಬ್ಬಳ ಹಾಸಿಗೆಯನ್ನು ಬೀದಿಗೆ ಹಾಕುವ ಬರಹಕ್ಕೆ ನಾನು ನಕಲುಗಾರ್ತಿಯೂ ಆಗಲಾರೆ, ಸಹಿದಾರಳೂ ಆಗಲಾರೆ. ಬೇಗ ಬಾಗಿಲು ಹಾಕುವುದನ್ನೂ ಬಿಸಿ ಮಾತನ್ನೂ ಅವಳಿಗೆ ನಾನೇ ಹೇಳುತ್ತೇನೆ; ಬೈಸಿಕೊಳ್ಳಲು ಸಿದ್ಧಳಿದ್ದೇನೆ.

ಕಾಲೇಜನ್ನೂ ಬಿಡುವುದಿಲ್ಲ. ಕೊನೆಯ ಪರೀಕ್ಷೆ ಏಪ್ರಿಲಿನಲ್ಲಿದೆ. ನಪಾಸಾದರೆ ಮತ್ತೆ ಕಟ್ಟುತ್ತೇನೆ. ಅಳಿಯಂದಿರಿಗೆ ಸಂದೇಹಗಳಿದ್ದಲ್ಲಿ ಪತ್ರ ಮುಖೇನ ಕೇಳಬಹುದು, ಅರ್ಥವಾಗುವ ಹಾಗೆ ಉತ್ತರಿಸುತ್ತೇನೆ.

ಮಂಡಿಗೆ ಬಿಸಿನೀರಿನ ಶಾಖ ಕೊಡು. ಮೊಮ್ಮಗುವಿಗೆ ನನ್ನ ಮುತ್ತು, ನಿನಗೆ ಮುನಿಸು ಕಳೆಯದ ಆಶೀರ್ವಾದ.

ಸ್ವಂತ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ,
ನಿನ್ನ ಅಕ್ಕ
(ಸಹಿ ಈ ಪತ್ರಕ್ಕೆ ಮಾತ್ರ)

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಮುಖ್ಯವಾದದ್ದೇ ಉಳಿಯಿತು. ನಿನ್ನ ಕಾಗದದ ಸಂಗತಿ ಚಿಕ್ಕವಳಿಗೆ ಗೊತ್ತಿಲ್ಲ. ಈ ಚೀಟಿ, ಬುಟ್ಟಿಗಳೆಲ್ಲ ನನ್ನ ಕಾಲೇಜಿನ ಆಟವೆಂದು ತಿಳಿದಿದ್ದಾಳೆ. ನೀನು ಹೋಗುವಾಗ ಬಿಟ್ಟ ಬಿಳಿ ಅಂಗಿಗೆ ಈಗಲೂ ಆಗಾಗ ಇಸ್ತ್ರಿ ಹಾಕಿ, 'ಅಣ್ಣ ಬಂದಾಗ ಮುದುರಿರಬಾರದು' ಎಂದು ಮೇಲಿನ ಗೂಟಕ್ಕೆ ತೂಗುಹಾಕುತ್ತಾಳೆ. ನನ್ನ ಲೆಕ್ಕ ನಂಬಬೇಡ. ಬಂದು ಬುಟ್ಟಿಗೆ ನೀನೇ ಕೈ ಹಾಕು, ನೀನೇ ಹೋಗಿ ಕೇಳು. ಆಮೇಲೂ ಮುಚ್ಚಬೇಕೆನಿಸಿದರೆ, ಅವಳ ಕೌಂಟರಿನ ಮುಂದೆ ನಿಂತು ನಿನ್ನ ಬಾಯಿಂದ ಅವಳಿಗೆ ಹೇಳು. ಅದನ್ನು ನಾನು ಬರೆದುಕೊಡುವುದಿಲ್ಲ.

ಲಗತ್ತುಗಳು:
೧. ನೀನು ಕಳಿಸಿದ ಕಾಗದ, ನನ್ನ ಸಹಿಯಿಲ್ಲದೆ.
೨. ಸೊನ್ನೆ ಬಂದ ನನ್ನ ಹೇಳಿಕೆಗಳ ಕಟ್ಟು, ಅಳಿಯಂದಿರ ಅವಗಾಹನೆಗಾಗಿ. ಹಿಂತಿರುಗಿಸತಕ್ಕದ್ದು.
೩. ಮುಂದಿನ ಶನಿವಾರದ ಬಸ್ ಟಿಕೆಟ್ ಒಂದು, ನಿನ್ನ ಹೆಸರಿನಲ್ಲಿ. ಮುಂದಿನ ಸೀಟು, ಕಾಲು ಚಾಚಲು ಜಾಗವಿದೆ.